ಕಣ್ಣಿಗೆ ಕಾಣದ ಮೊಹರು

ಬೀದರ್‌ನ ಚೌಬಾರಾ ಗೋಪುರದ ಆಸುಪಾಸಿನಲ್ಲಿ ಬಿದ್ರಿ ಕೆಲಸ ನಡೆಯುವುದನ್ನು ನಿಂತು ನೋಡಿದವರಿಗೆ ಅದರ ಒಂದು ಹಂತ ವಿಚಿತ್ರ ಅನ್ನಿಸುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯ ಮೈಮೇಲೆ ಕುಶಲಕರ್ಮಿ ಉಳಿಯಿಂದ ಬಳ್ಳಿ, ಹೂವು ಕೊರೆದಿರುತ್ತಾನೆ. ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿ, ಮೇಲ್ಮೈಯನ್ನು ಉಜ್ಜಿ ನಯ ಮಾಡಿರುತ್ತಾನೆ. ದಿನಗಟ್ಟಲೆ ದುಡಿದು ಮೂಡಿಸಿದ ಆ ಚಿತ್ತಾರ ಆಗ ಕಣ್ಣಿಗೆ ಬೀಳುವುದೇ ಕಷ್ಟ. ಬೂದು ಲೋಹದೊಳಗೆ ಬೆಳ್ಳಿ ಕರಗಿಹೋದಂತೆ ಇರುತ್ತದೆ. ಆಮೇಲೆ ಹೂಜಿಯನ್ನು ಹದವಾಗಿ ಕಾಯಿಸಿ, ಬೀದರ್ ಕೋಟೆಯೊಳಗಿನ ಮಣ್ಣಿಗೆ ಅಮೋನಿಯಂ ಕ್ಲೋರೈಡ್ ಕಲಸಿದ ಲೇಪ ಹಚ್ಚುತ್ತಾರೆ. ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಮಣ್ಣು ತೊಳೆದು ಎಣ್ಣೆ ಸವರಿದ ಕೂಡಲೇ ಬಳ್ಳಿ, ಹೂವು ಎದ್ದು ನಿಲ್ಲುತ್ತವೆ.

ಡಿಜಿಟಲ್ ವಾಟರ್‌ಮಾರ್ಕ್ ಎಂಬ ತಂತ್ರದ ತಿರುಳೂ ಇಷ್ಟೇ. ಫೋಟೊ, ಹಾಡು, ಸಿನಿಮಾದ ಒಡಲೊಳಗೆ ಒಂದು ಗುರುತನ್ನು ಕೂರಿಸಿರುತ್ತಾರೆ. ನೋಡುವವರ ಕಣ್ಣಿಗೆ, ಕೇಳುವವರ ಕಿವಿಗೆ ಅದು ಸಿಗುವುದಿಲ್ಲ. ಸರಿಯಾದ ಕೀಲಿ, ಅಂದರೆ ಒಂದು ಗುಟ್ಟಿನ ಸಂಖ್ಯೆ, ಯಾರ ಬಳಿ ಇದೆಯೋ ಅವರ ಕಂಪ್ಯೂಟರಿಗೆ ಮಾತ್ರ ಗುರುತು ಸ್ಪಷ್ಟವಾಗಿ ಕಾಣುತ್ತದೆ. ಕೋಟೆಯ ಮಣ್ಣು ಮಾಡುವ ಕೆಲಸವನ್ನು ಇಲ್ಲಿ ಕೀಲಿ ಮಾಡುತ್ತದೆ.

ಕಾಗದದ ವಾಟರ್‌ಮಾರ್ಕ್ ಹಳೆಯದು. ಇಟಲಿಯ ಫಾಬ್ರಿಯಾನೊ ಊರಿನ ಕಾಗದ ತಯಾರಕರು 1282ರಷ್ಟು ಹಿಂದೆಯೇ ಅದನ್ನು ಬಳಸುತ್ತಿದ್ದರು. ಕಾಗದ ಹಸಿ ಇರುವಾಗಲೇ ಅದರ ದಪ್ಪವನ್ನು ಅಲ್ಲಲ್ಲಿ ಹೆಚ್ಚು ಕಡಿಮೆ ಮಾಡಿದರೆ, ಬೆಳಕಿಗೆ ಹಿಡಿದಾಗ ಚಿತ್ರ ಮೂಡುತ್ತದೆ. ನಮ್ಮ 500 ರೂಪಾಯಿ ನೋಟಿನ ಖಾಲಿ ಜಾಗದಲ್ಲಿ ಗಾಂಧೀಜಿ ಕಾಣಿಸುವುದು ಹೀಗೆ. ಅಂಥ ಕಾಗದ ಮೈಸೂರಿನ ಬ್ಯಾಂಕ್ ನೋಟ್ ಪೇಪರ್ ಮಿಲ್‌ನಲ್ಲಿ ತಯಾರಾಗುತ್ತದೆ. ಧ್ವನಿಯೊಳಗೆ ಗುರುತು ಅಡಗಿಸುವ ಆಲೋಚನೆ 1954ರದು: ಅಮೆರಿಕದ ಮ್ಯೂಜಾಕ್ ಕಂಪನಿಯ ಎಮಿಲ್ ಹೆಂಬ್ರೂಕ್, ಹಾಡಿನೊಳಗೆ ಮೋರ್ಸ್ ಸಂಕೇತ ಸೇರಿಸುವ ಉಪಾಯಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು. ಡಿಜಿಟಲ್ ವಾಟರ್‌ಮಾರ್ಕ್ ಎಂಬ ಹೆಸರು ಬಳಕೆಗೆ ಬಂದದ್ದು 1992ರ ಕೊನೆಯಲ್ಲಿ, ಆಸ್ಟ್ರೇಲಿಯಾದ ಆಂಡ್ರ್ಯೂ ಟಿರ್ಕೆಲ್ ಮತ್ತು ಚಾರ್ಲ್ಸ್ ಆಸ್ಬರ್ನ್ ಅವರಿಂದ.

ಗುಟ್ಟಾಗಿ ಸಂದೇಶ ಸಾಗಿಸುವುದೂ ಇದೂ ಒಂದೇ ಎಂದು ಹಲವರು ತಿಳಿಯುತ್ತಾರೆ, ಹಾಗಲ್ಲ. ನಿಜಾಮರ ಆಳ್ವಿಕೆಯಲ್ಲಿ ಬೀದರ್ ಜಿಲ್ಲೆಯ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಒಳಗೆ ಕನ್ನಡ ಇದೆ ಎಂಬುದೇ ಹೊರಗೆ ತಿಳಿಯಬಾರದಿತ್ತು. ಗುಪ್ತ ಸಂದೇಶದ ಶಾಸ್ತ್ರ ನಡೆಯುವುದು ಆ ದಾರಿಯಲ್ಲಿ. ವಾಟರ್‌ಮಾರ್ಕಿಗೆ ಬೇಕಾದದ್ದು ಇನ್ನೊಂದು. ಗುರುತು ಇದೆ ಎಂದು ಊರಿಗೆಲ್ಲ ಗೊತ್ತಿದ್ದರೂ ಪರವಾಗಿಲ್ಲ, ಯಾರಿಂದಲೂ ಅದನ್ನು ಅಳಿಸಲು ಆಗಬಾರದು. ಅಳಿಸಲು ಹೊರಟರೆ ಚಿತ್ರವೇ ಕೆಟ್ಟುಹೋಗಬೇಕು.

ಕಂಪ್ಯೂಟರಿನ ಪಾಲಿಗೆ ಫೋಟೊ ಎಂದರೆ ಅಂಕಿಗಳ ರಾಶಿ. ಬೀದರ್‌ನ ಮಹಮೂದ್ ಗವಾನ್ ಮದರಸಾದ ಮಿನಾರನ್ನು 12 ಮೆಗಾಪಿಕ್ಸೆಲ್ ಮೊಬೈಲಿನಲ್ಲಿ ತೆಗೆದರೆ ಅದರಲ್ಲಿ 1.2 ಕೋಟಿ ಚುಕ್ಕೆಗಳಿರುತ್ತವೆ. ಒಂದೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಎಂದು ಹೇಳುವ ಮೂರು ಅಂಕಿಗಳು, ಪ್ರತಿಯೊಂದೂ 0ಯಿಂದ 255ರ ನಡುವೆ. ಒಟ್ಟು 3.6 ಕೋಟಿ ಅಂಕಿಗಳು. ಮಿನಾರಿನ ನೀಲಿ ಹೆಂಚಿನ ಒಂದು ಚುಕ್ಕೆಯ ಅಂಕಿ 201 ಇದ್ದದ್ದನ್ನು 200 ಮಾಡಿದರೆ ಯಾವ ಕಣ್ಣಿಗೂ ವ್ಯತ್ಯಾಸ ತಿಳಿಯದು. ಬೆಸ ಅಂಕಿ ಎಂದರೆ 1, ಸಮ ಅಂಕಿ ಎಂದರೆ 0 ಎಂದು ಗೊತ್ತುಮಾಡಿಕೊಂಡರೆ ಚುಕ್ಕೆಗಳ ಸಾಲಿನಲ್ಲಿ ಫೋಟೊಗ್ರಾಫರನ ಹೆಸರು, ಊರು, ತಾರೀಖು ಎಲ್ಲವನ್ನೂ ಬರೆದಿಡಬಹುದು.

ಮೊದಮೊದಲು ಮಾಡಿದ್ದು ಹೀಗೆಯೇ. ಆದರೆ ಈ ಗುರುತು ತುಂಬ ದುರ್ಬಲ. ಆ ಫೋಟೊವನ್ನು ಭಾಲ್ಕಿಯ ಗೆಳೆಯನಿಗೆ ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿನಂತೆ ಕಳಿಸಿದರೆ ಆ್ಯಪ್ ಅದನ್ನು ಕಿರಿದು ಮಾಡಿ, ಜೆಪೆಗ್ ವಿಧಾನದಲ್ಲಿ ಮತ್ತೊಮ್ಮೆ ಒತ್ತಿ, ಹಗುರ ಮಾಡಿ ಕಳಿಸುತ್ತದೆ. 200, 201ರ ಸೂಕ್ಷ್ಮವೆಲ್ಲ ಅಲ್ಲೇ ನಾಶ. ಗೆಳೆಯನಿಗೆ ಮಿನಾರು ತಲುಪುತ್ತದೆ, ಹೆಸರು ತಲುಪುವುದಿಲ್ಲ.

ಹಾಗಾದರೆ ಗುರುತನ್ನು ಎಲ್ಲಿ ಇಡಬೇಕು? ಉತ್ತರದ ಬೇರು ಕರ್ನಾಟಕದಲ್ಲೇ ಇದೆ. ಬೆಂಗಳೂರಿನಲ್ಲಿ 1940ರಲ್ಲಿ ಹುಟ್ಟಿ, ಯುವಿಸಿಇ ಎಂದು ಹೆಸರಾದ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಮುಗಿಸಿದ ನಾಸಿರ್ ಅಹ್ಮದ್ ಅಮೆರಿಕಕ್ಕೆ ಹೋಗಿ ಕನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಚಿತ್ರವನ್ನು ಅಲೆಗಳಾಗಿ ಬಿಡಿಸಿ ಬರೆಯುವ ಹೊಸ ಗಣಿತವೊಂದು ಅವರಿಗೆ ಹೊಳೆದಿತ್ತು. 1972ರಲ್ಲಿ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್‌ಗೆ ಅನುದಾನ ಕೋರಿದರು, ಸಿಗಲಿಲ್ಲ. ಆದರೂ ಬಿಡದೆ, ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ, ಎಂಬ ಆ ಗಣಿತದ ಮೇಲೆಯೇ ಇವತ್ತಿನ ಜೆಪೆಗ್ ಫೋಟೊ ನಿಂತಿದೆ. ಮೊಬೈಲಿನಲ್ಲಿ ಫೋಟೊ ನೋಡುವ ಪ್ರತಿಯೊಬ್ಬ ಕನ್ನಡಿಗನಿಗೂ ನಾಸಿರ್ ಅಹ್ಮದ್ ಹೆಸರು ಗೊತ್ತಿರಬೇಕಿತ್ತು. ನಮ್ಮ ಶಾಲೆಯ ಪಠ್ಯಪುಸ್ತಕದಲ್ಲಿ ಅವರಿಗೊಂದು ಪಾಠ ಸಲ್ಲಬೇಕು.

ಡಿಸಿಟಿ ಮಾಡುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಜೆಪೆಗ್ ಚಿತ್ರವನ್ನು ಎಂಟು ಚುಕ್ಕೆ ಉದ್ದ, ಎಂಟು ಚುಕ್ಕೆ ಅಗಲದ ಪುಟ್ಟ ಚೌಕಗಳಾಗಿ ಕತ್ತರಿಸುತ್ತದೆ. ಚುಕ್ಕೆಯ ಮೂರು ಅಂಕಿಗಳಲ್ಲಿ ಒಂದನ್ನಷ್ಟೇ ಎಣಿಸಿದರೆ ಒಂದು ಚೌಕದಲ್ಲಿ 64 ಅಂಕಿ. ಡಿಸಿಟಿ ಆ 64 ಅಂಕಿಗಳನ್ನು ಬೇರೆ 64 ಅಂಕಿಗಳಾಗಿ ಬದಲಿಸುತ್ತದೆ. ಅವುಗಳಲ್ಲಿ ಮೊದಲನೆಯದು ಚೌಕದ ಒಟ್ಟಾರೆ ಬೆಳಕು ಎಷ್ಟು ಎಂದು ಹೇಳಿದರೆ, ಮುಂದಿನವು ನಿಧಾನವಾಗಿ ಏರಿಳಿಯುವ ಛಾಯೆಯನ್ನು, ಕೊನೆಯವು ಅತಿ ಸೂಕ್ಷ್ಮ ಗೆರೆಗಳನ್ನು ಹೇಳುತ್ತವೆ. ಮನುಷ್ಯನ ಕಣ್ಣು ಕೊನೆಯವನ್ನು ಅಷ್ಟಾಗಿ ಗಮನಿಸುವುದಿಲ್ಲ. ಹಾಗಾಗಿ ಜೆಪೆಗ್ ಅವನ್ನು ಬಹುಪಾಲು ಸೊನ್ನೆ ಮಾಡಿಬಿಡುತ್ತದೆ, ಫೋಟೊ ಹಗುರಾಗುತ್ತದೆ.

ಗುರುತನ್ನು ಸೂಕ್ಷ್ಮ ಗೆರೆಗಳಲ್ಲಿ ಇಟ್ಟರೆ ವಾಟ್ಸ್‌ಆ್ಯಪ್ ಗುಡಿಸಿ ಹಾಕುತ್ತದೆ. ಒಟ್ಟಾರೆ ಬೆಳಕಿನಲ್ಲಿ ಇಟ್ಟರೆ ಚಿತ್ರದಲ್ಲಿ ಚೌಕಗಳು ಕಾಣಿಸತೊಡಗುತ್ತವೆ. ನಡುವಿನ ಅಂಕಿಗಳೇ ಹಲವು ವಿಧಾನಗಳಿಗೆ ನೆಲೆ. ಇಂಗ್‌ಮಾರ್ ಕಾಕ್ಸ್ ಮತ್ತು ಸಂಗಡಿಗರು 1997ರಲ್ಲಿ ಇನ್ನೂ ಧೈರ್ಯದ ಮಾತು ಹೇಳಿದರು: ಚಿತ್ರಕ್ಕೆ ಯಾವುದು ಬಹಳ ಮುಖ್ಯವೋ ಅಲ್ಲೇ ಗುರುತನ್ನು ತೆಳುವಾಗಿ ಹರಡಿ. ಆಗ ಗುರುತು ಕಿತ್ತುಹಾಕಲು ಹೋದ ಕಳ್ಳ ಚಿತ್ರವನ್ನೇ ಹಾಳು ಮಾಡಿಕೊಳ್ಳುತ್ತಾನೆ. ಶತ್ರುವಿನ ಕಿವಿಗೆ ಸಿಗದಂತೆ ಸೇನೆಯವರು ರೇಡಿಯೊ ಸಂದೇಶವನ್ನು ಹಲವು ತರಂಗಗಳ ಮೇಲೆ ಹರಡಿ ಕಳಿಸುತ್ತಿದ್ದ ಉಪಾಯವನ್ನೇ ಕಾಕ್ಸ್ ತಂಡ ಚಿತ್ರಕ್ಕೆ ತಂದಿತ್ತು.

ತೆಳುವಾಗಿ ಹರಡಿದ್ದು ಮತ್ತೆ ಸಿಗುವುದು ಹೇಗೆ? ಒಂದು ಲೆಕ್ಕ ಹಾಕಿ ನೋಡಬಹುದು. ಕೀಲಿಯಿಂದ ಕಂಪ್ಯೂಟರ್ +1, -1ಗಳ ಒಂದು ಉದ್ದನೆಯ ಸರಣಿ ತಯಾರಿಸುತ್ತದೆ, 10,000 ಇವೆ ಎಂದುಕೊಳ್ಳಿ. ಚಿತ್ರದ 10,000 ಅಂಕಿಗಳನ್ನು ಆರಿಸಿ, ಸರಣಿಯಲ್ಲಿ +1 ಇದ್ದಲ್ಲಿ 2 ಕೂಡಿ, -1 ಇದ್ದಲ್ಲಿ 2 ಕಳೆದರೆ ಗುರುತು ಕೂತಂತೆ. ಆ ಅಂಕಿಗಳು ತಮ್ಮಷ್ಟಕ್ಕೇ ಸೊನ್ನೆಯ ಆಚೀಚೆ ಸುಮಾರು 20ರಷ್ಟು ಹೊಯ್ದಾಡುತ್ತಿದ್ದರೆ, ಅದರ ನಡುವೆ ಈ 2 ಯಾರ ಗಮನಕ್ಕೂ ಬಾರದು. ಹುಡುಕುವಾಗ ಅದೇ ಕೀಲಿಯಿಂದ ಅದೇ ಸರಣಿ ತೆಗೆದು, ಚಿತ್ರದ ಅಂಕಿಗಳೊಂದಿಗೆ ಒಂದೊಂದಾಗಿ ಗುಣಿಸಿ ಎಲ್ಲವನ್ನೂ ಕೂಡಿಸಬೇಕು. ಗುರುತಿಲ್ಲದ ಚಿತ್ರದಲ್ಲಿ ಕೂಡು-ಕಳೆ ಒಂದನ್ನೊಂದು ತಿಂದುಹಾಕಿ ಮೊತ್ತ ಸೊನ್ನೆಯ ಆಚೀಚೆ ಸುಮಾರು 2,000ದಷ್ಟರಲ್ಲಿ ನಿಲ್ಲುತ್ತದೆ. ಗುರುತಿದ್ದರೆ ಪ್ರತಿ ಜಾಗದಿಂದಲೂ 2 ಸೇರುತ್ತಾ ಹೋಗಿ ಮೊತ್ತ 20,000ದ ಸುತ್ತ ಬರುತ್ತದೆ. ಹತ್ತು ಪಟ್ಟು! ಬೇರೆ ಕೀಲಿ ಹಾಕಿದರೆ ಮತ್ತೆ ಸೊನ್ನೆಯ ಹತ್ತಿರವೇ. ಫೋಟೊವನ್ನು ಒತ್ತಿ ಹಗುರ ಮಾಡುವಾಗ ಅರ್ಧ ಅಂಕಿಗಳು ಕೆಟ್ಟುಹೋದರೂ ಉಳಿದರ್ಧದ ಬಲದಿಂದಲೇ ಗುರುತು ಪತ್ತೆಯಾಗುತ್ತದೆ. ಬೀದರ್‌ನ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜಿನಲ್ಲೋ ಭಾಲ್ಕಿಯ ಭೀಮಣ್ಣ ಖಂಡ್ರೆ ಎಂಜಿನಿಯರಿಂಗ್ ಕಾಲೇಜಿನಲ್ಲೋ ಓದುವ ವಿದ್ಯಾರ್ಥಿ ಇದನ್ನು ಲ್ಯಾಪ್‌ಟಾಪಿನಲ್ಲಿ ಒಂದು ಸಂಜೆ ಮಾಡಿ ನೋಡಬಹುದು.

ಎಷ್ಟು ಮೊತ್ತ ಬಂದರೆ 'ಗುರುತಿದೆ' ಎಂದು ತೀರ್ಮಾನಿಸಬೇಕು ಎಂಬುದು ಮಾತ್ರ ಜವಾಬ್ದಾರಿಯ ಪ್ರಶ್ನೆ. ಯಂತ್ರ ತಪ್ಪಿ ಹೌದು ಎಂದರೆ ನಿರಪರಾಧಿಯೊಬ್ಬ ಕಳ್ಳನಾಗುತ್ತಾನೆ. ಆದ್ದರಿಂದ ಆ ಗೆರೆಯನ್ನು ಬಹಳ ಎತ್ತರದಲ್ಲಿ ಎಳೆಯುತ್ತಾರೆ.

ಕಳ್ಳನನ್ನು ಹಿಡಿದು ತೋರಿಸಿದ ಪ್ರಸಿದ್ಧ ಪ್ರಕರಣ ಹಾಲಿವುಡ್‌ನದು. ಆಸ್ಕರ್ ಪ್ರಶಸ್ತಿಗೆ ಮತ ಹಾಕುವವರಿಗೆ ಮನೆಯಲ್ಲೇ ನೋಡಲು ಕೊಟ್ಟಿದ್ದ ಸಿನಿಮಾಗಳು ಇಂಟರ್‌ನೆಟ್‌ನಲ್ಲಿ ಕಾಣಿಸಿಕೊಂಡವು. ಒಬ್ಬೊಬ್ಬರ ಪ್ರತಿಯಲ್ಲೂ ಬೇರೆ ಬೇರೆ ಗುರುತು ಇತ್ತು. ಅದು ನಟ ಕಾರ್ಮೈನ್ ಕಾರಿಡಿ ಅವರತ್ತ ಬೊಟ್ಟು ಮಾಡಿತು. 2004ರಲ್ಲಿ ಆಸ್ಕರ್ ಅಕಾಡೆಮಿ ಅವರನ್ನು ಹೊರಹಾಕಿತು.

ಥಿಯೇಟರಿನಲ್ಲಿ ಕ್ಯಾಮೆರಾ ಇಟ್ಟು ಕದಿಯುವವರಿಗೂ ಇದೇ ಬಲೆ. ಹಾಲಿವುಡ್ ಸ್ಟುಡಿಯೊಗಳು ಸೇರಿ 2005ರಲ್ಲಿ ರೂಪಿಸಿದ ಡಿಜಿಟಲ್ ಸಿನಿಮಾ ಮಾನದಂಡದ ಪ್ರಕಾರ ಪರದೆಯ ಮೇಲೆ ಬೀಳುವ ಚಿತ್ರದಲ್ಲಿ ಪ್ರತಿ ಐದು ನಿಮಿಷಕ್ಕೆ 35 ಬಿಟ್, ಅಂದರೆ 0 ಅಥವಾ 1ರ 35 ಅಂಕಿಗಳಷ್ಟು ಮಾಹಿತಿ ಅಡಗಿರಬೇಕು. ಅದರಲ್ಲಿ 16 ಬಿಟ್ ಸಮಯಕ್ಕೆ, 19 ಬಿಟ್ ಸ್ಥಳಕ್ಕೆ ಮೀಸಲು. 19 ಬಿಟ್ ಎಂದರೆ 5,24,288 ಬೇರೆ ಬೇರೆ ಗುರುತುಗಳು, ಅಷ್ಟು ಪರದೆಗಳನ್ನು ಒಂದೊಂದಾಗಿ ಹೆಸರಿಸಬಹುದು. 16 ಬಿಟ್‌ನಲ್ಲಿ ವರ್ಷದ ಯಾವ ದಿನ, ದಿನದ ಯಾವ ಕಾಲು ಗಂಟೆ ಎಂಬುದು ಹಿಡಿಸುತ್ತದೆ. ಕದ್ದ ಪ್ರತಿ ಎಲ್ಲೇ ಸಿಕ್ಕಲಿ, ಯಾವ ಊರಿನ ಯಾವ ಪರದೆ, ಎಷ್ಟು ಹೊತ್ತಿನ ಆಟ ಎಂದು ಅದೇ ಹೇಳುತ್ತದೆ. ನಮ್ಮಲ್ಲಿ ಊರೂರಿನ ಥಿಯೇಟರುಗಳಿಗೆ ಸಿನಿಮಾ ತಲುಪಿಸುವ ಕ್ಯೂಬ್, ಯುಎಫ್‌ಒ ಮೂವೀಜ್ ಕಂಪನಿಗಳೂ ಇಂಥ ಗುರುತು ಬಳಸುತ್ತವೆ. ಗುರುತು ಸಿಕ್ಕ ಮೇಲೆ ಶಿಕ್ಷೆಗೆ ಕಾನೂನೂ ಇದೆ: 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೊಗ್ರಾಫ್ ಕಾಯ್ದೆಯಂತೆ ಥಿಯೇಟರಿನಲ್ಲಿ ಕದ್ದು ಚಿತ್ರೀಕರಿಸಿದವರಿಗೆ ಕನಿಷ್ಠ ಮೂರು ತಿಂಗಳು, ಗರಿಷ್ಠ ಮೂರು ವರ್ಷ ಜೈಲು. ದಂಡ 3 ಲಕ್ಷ ರೂಪಾಯಿಯಿಂದ ಆರಂಭವಾಗಿ ಸಿನಿಮಾದ ಲೆಕ್ಕಪರಿಶೋಧಿತ ನಿರ್ಮಾಣ ವೆಚ್ಚದ ಶೇ 5ರವರೆಗೆ ಹೋಗಬಹುದು.

ಒಟಿಟಿಯಲ್ಲಿ ಬಳಸುವ ಉಪಾಯ ಇನ್ನೂ ಜಾಣತನದ್ದು. ಸಿನಿಮಾವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಮಾಡಿ, ಪ್ರತಿ ತುಣುಕಿಗೂ ಎ, ಬಿ ಎಂದು ಎರಡು ಪ್ರತಿ ಇಟ್ಟಿರುತ್ತಾರೆ. ಎರಡೂ ಕಣ್ಣಿಗೆ ಒಂದೇ, ಒಳಗಿನ ಗುರುತು ಬೇರೆ. ಭಾಲ್ಕಿಯ ಮನೆಯೊಂದಕ್ಕೆ ಎ-ಬಿ-ಬಿ-ಎ ಎಂಬ ಕ್ರಮದಲ್ಲಿ ತುಣುಕು ಹೋದರೆ ಪಕ್ಕದ ಮನೆಗೆ ಬಿ-ಎ-ಬಿ-ಬಿ. ಇಂಥ 32 ತುಣುಕುಗಳಿಂದ 429 ಕೋಟಿ ಬೇರೆ ಬೇರೆ ಕ್ರಮ ಸಾಧ್ಯ. ನಿಮಿಷ ಎರಡು ನಿಮಿಷದ ಸಿನಿಮಾದಲ್ಲೇ ಮನೆಮನೆಗೂ ಪ್ರತ್ಯೇಕ ಗುರುತು ಸಿಕ್ಕಿತು. ಟಿವಿಯಲ್ಲಿ ಕ್ರಿಕೆಟ್ ನೋಡುವಾಗ ಪರದೆಯ ಮೂಲೆಯಲ್ಲಿ ಉದ್ದನೆಯ ಸಂಖ್ಯೆಯೊಂದು ಮೂಡಿ ಮಾಯವಾಗುವುದನ್ನು ಎಲ್ಲರೂ ಕಂಡಿದ್ದಾರೆ. ಅದು ಆ ಮನೆಯ ಸೆಟ್‌ಟಾಪ್ ಬಾಕ್ಸಿನ ಗುರುತು. ಕಣ್ಣಿಗೆ ಕಾಣುವಂತೆಯೇ ಹಾಕಿದ ಮೊಹರು ಅದು.

ಎಲ್ಲ ಕಡೆಯೂ ವಾಟರ್‌ಮಾರ್ಕ್ ಬೇಕಿಲ್ಲ. ಔರಾದ್‌ನ ರೈತ 'ಭೂಮಿ' ವೆಬ್‌ಸೈಟಿನಿಂದ ತೆಗೆಯುವ ಪಹಣಿಗೆ ಡಿಜಿಟಲ್ ಸಹಿ ಇರುತ್ತದೆ. ಸಹಿಯ ಗುಣ ತದ್ವಿರುದ್ಧ: ಕಡತದಲ್ಲಿ ಒಂದೇ ಒಂದು ಅಕ್ಷರ, ಗುಂಟೆಯ ಒಂದು ಅಂಕಿ ಬದಲಾದರೂ ಸಹಿ ಹೊಂದುವುದಿಲ್ಲ. ಜಮೀನಿನ ಕಾಗದಕ್ಕೆ ಬೇಕಾದದ್ದು ಅದೇ. ನಕಲಿ ಛಾಪಾ ಕಾಗದದ ತೆಲಗಿ ಹಗರಣ ನೋಡಿದ ನಾಡಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಫೋಟೊ, ವಿಡಿಯೊಗಳಿಗೆ ಈ ಸಹಿ ಒಂದೇ ಸಾಲದು, ಯಾಕೆಂದರೆ ಅವು ಫೋನಿನಿಂದ ಫೋನಿಗೆ ಹೋಗುವಾಗಲೇ ಬದಲಾಗುತ್ತಿರುತ್ತವೆ. ಕಾಗದದ ಮೇಲೆ ಬೀಳುವ ಗುಟ್ಟಿನ ಗುರುತೂ ಒಂದಿದೆ, ಹೆಚ್ಚಿನವರಿಗೆ ಅದು ಗೊತ್ತಿಲ್ಲ: ಬಹಳಷ್ಟು ಬಣ್ಣದ ಲೇಸರ್ ಪ್ರಿಂಟರುಗಳು ಪ್ರತಿ ಹಾಳೆಯ ಮೇಲೂ ಕಾಣದಷ್ಟು ಚಿಕ್ಕ ಹಳದಿ ಚುಕ್ಕೆಗಳನ್ನು ಹಾಕುತ್ತವೆ. ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ 2005ರಲ್ಲಿ ಒಂದು ಮಾದರಿಯ ಚುಕ್ಕೆಗಳನ್ನು ಬಿಡಿಸಿ ಓದಿತು. ಪ್ರಿಂಟರಿನ ಸಂಖ್ಯೆ, ಮುದ್ರಿಸಿದ ದಿನ, ವೇಳೆ ಅದರಲ್ಲಿದ್ದವು. ಕಳ್ಳನೋಟು ಹಿಡಿಯಲು ಬಂದ ತಂತ್ರ ಗುಟ್ಟು ಬಯಲು ಮಾಡಿದ ಪತ್ರಕರ್ತನನ್ನೂ ಹಿಡಿಯಬಲ್ಲದು. ಬಳಸುವವರಿಗೆ ತಿಳಿಸದೆ ಹಾಕಿದ ಗುರುತು ಅನ್ಯಾಯವೇ.

ಮುರಿಯದ ಗುರುತು ಎಂಬುದಿಲ್ಲ. ಸಂಗೀತ ಕಂಪನಿಗಳ ಒಕ್ಕೂಟವೊಂದು 2000ರಲ್ಲಿ 'ನಮ್ಮ ಗುರುತನ್ನು ಕಿತ್ತು ತೋರಿಸಿ' ಎಂದು ಸವಾಲು ಹಾಕಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ವರ್ಡ್ ಫೆಲ್ಟನ್ ಮತ್ತು ತಂಡ ಅಲ್ಲಿದ್ದ ನಾಲ್ಕೂ ವಾಟರ್‌ಮಾರ್ಕ್‌ಗಳನ್ನು ಸೋಲಿಸಿರುವುದಾಗಿ ಹೇಳಿತು. ಚಿತ್ರವನ್ನು ತುಸು ಓರೆ ಮಾಡುವುದು, ಅಂಚು ಕತ್ತರಿಸುವುದು, ಪರದೆಯಿಂದ ಮತ್ತೆ ಫೋಟೊ ತೆಗೆಯುವುದು, ಎಲ್ಲವೂ ಹೊಡೆತಗಳೇ. ಸಾಲು ತಪ್ಪಿದರೆ +1, -1 ಸರಣಿ ಎಲ್ಲಿಂದ ಶುರು ಎಂದು ಯಂತ್ರಕ್ಕೆ ತಿಳಿಯದು. ಅದಕ್ಕಾಗಿ ಒಂದೇ ಗುರುತನ್ನು ಚಿತ್ರದ ತುಂಬ ಮತ್ತೆ ಮತ್ತೆ ಕೂರಿಸುತ್ತಾರೆ.

ಈಗ ಕೃತಕ ಬುದ್ಧಿಮತ್ತೆ ಬಂದ ಮೇಲೆ ಈ ತಂತ್ರದ ಹೊಣೆ ದೊಡ್ಡದಾಗಿದೆ. ಗೂಗಲ್ 2023ರಲ್ಲಿ ಸಿಂತ್‌ಐಡಿ ಎಂಬ ವಾಟರ್‌ಮಾರ್ಕ್ ತಂದಿತು. ತನ್ನ ಎಐ ಬಿಡಿಸಿದ ಚಿತ್ರದೊಳಗೆ ಅದು ಗುರುತು ಕೂರಿಸುತ್ತದೆ, ಎಐ ಬರೆದ ಪಠ್ಯದಲ್ಲೂ ಪದಗಳ ಆಯ್ಕೆಯನ್ನು ಒಂದು ಕೀಲಿಗೆ ತಕ್ಕಂತೆ ತುಸುವೇ ವಾಲಿಸಿ ಗುರುತು ಬಿಡುತ್ತದೆ. ಭಾರತ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಕರಡು ನಿಯಮದಲ್ಲಿ, ಇಂಥ ಕೃತಕ ಚಿತ್ರದ ಕನಿಷ್ಠ ಶೇ 10ರಷ್ಟು ಜಾಗದಲ್ಲಿ ಕಾಣುವ ಗುರುತು ಇರಬೇಕು ಎಂಬ ಪ್ರಸ್ತಾಪವಿತ್ತು. ಆದರೆ ಗುರುತು ಹಾಕದ ಎಐಗಳು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಿದ್ದಿವೆ. ಗುರುತಿರುವ ಚಿತ್ರವನ್ನೇ ಇನ್ನೊಂದು ಎಐಗೆ ಕೊಟ್ಟು ಮತ್ತೆ ಬಿಡಿಸಿದರೆ ಗುರುತು ಅಳಿಸಿಹೋಗಬಹುದು. ಗುರುತು ಸಿಕ್ಕರೆ ಅದು ಪುರಾವೆ. ಸಿಗದಿದ್ದರೆ ಚಿತ್ರ ಅಸಲಿ ಎಂದು ಅರ್ಥವಲ್ಲ.

ಅಸಲಿ ಚಿತ್ರವೂ ಸುಳ್ಳು ಹೇಳಬಲ್ಲದು. ಇದಕ್ಕೆ ಬೀದರ್ ಜಿಲ್ಲೆ ಕೊಟ್ಟ ಬೆಲೆ ದೊಡ್ಡದು. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸಂದೇಶಗಳು ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಹಬ್ಬಿದ್ದವು. ಅವುಗಳೊಂದಿಗೆ ಹರಿದಾಡಿದ ವಿಡಿಯೊವೊಂದರಲ್ಲಿ ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯ ರೋಶನಿ ಹೆಲ್ಪ್‌ಲೈನ್ ಎಂಬ ಸಂಸ್ಥೆ ಮಕ್ಕಳ ಸುರಕ್ಷತೆಗಾಗಿ ಮಾಡಿಸಿದ ಜಾಗೃತಿ ಚಿತ್ರ. ಕೊನೆಯಲ್ಲಿ ಮಗುವನ್ನು ಮರಳಿ ತಂದು ಬಿಟ್ಟು ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದ್ದರು. ಆ ವರ್ಷ ಜುಲೈ 13ರಂದು ಔರಾದ್ ತಾಲ್ಲೂಕಿನ ಹಂದಿಕೇರಾದಲ್ಲಿ ಹೈದರಾಬಾದಿನಿಂದ ಬಂದ ಗೆಳೆಯರು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಜನರಿಗೆ ಅನುಮಾನ ಬಂತು. ವಾಟ್ಸ್‌ಆ್ಯಪ್ ಸಂದೇಶ ಅವರ ಕಾರಿಗಿಂತ ಮೊದಲೇ ಮುರ್ಕಿ ಎಂಬ ಊರು ತಲುಪಿತು. ಅಲ್ಲಿ ದಾರಿ ಅಡ್ಡಗಟ್ಟಿದ ಗುಂಪು ಅವರನ್ನು ಹೊಡೆಯಿತು. ಒಬ್ಬ ಯುವ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ, ಜೊತೆಯಲ್ಲಿದ್ದವರಿಗೂ ಬಿಡಿಸಲು ಹೋದ ಪೊಲೀಸರಿಗೂ ಗಾಯಗಳಾದವು. ಸಂದೇಶಕ್ಕೆ 'ಫಾರ್ವರ್ಡೆಡ್' ಎಂಬ ಗುರುತನ್ನು ವಾಟ್ಸ್‌ಆ್ಯಪ್ ಪ್ರಕಟಿಸಿ ಆಗ ಮೂರೇ ದಿನವಾಗಿತ್ತು. ಭಾರತದಲ್ಲಿ ಒಮ್ಮೆಗೆ ಐದೇ ಕಡೆ ಫಾರ್ವರ್ಡ್ ಮಾಡುವ ಮಿತಿ ಘೋಷಣೆಯಾದದ್ದು ಇದಾದ ಮೇಲೆ.

ಕರಾಚಿಯ ವಿಡಿಯೊದ ಪ್ರತಿ ಚೌಕಟ್ಟಿನಲ್ಲೂ ವಾಟರ್‌ಮಾರ್ಕ್ ಇದ್ದು, ಅದನ್ನು ಓದುವ ಸೌಲಭ್ಯ ಫೋನಿನಲ್ಲೇ ಇದ್ದಿದ್ದರೆ, ಕೊನೆ ಕತ್ತರಿಸಿದರೂ ಉಳಿದ ಭಾಗವೇ ತನ್ನ ಮೂಲ ಹೇಳುತ್ತಿತ್ತು. ಆದರೆ ಮುರ್ಕಿಗೆ ಆ ದಿನ ತಲುಪಿದ ಸಂದೇಶದ ಮೂಲ ಪಕ್ಕದ ಊರೇ, ಅದರಲ್ಲಿದ್ದ ಮನುಷ್ಯರೂ ನಿಜ. ಸುಳ್ಳಾಗಿದ್ದದ್ದು ಅವರು ಕಳ್ಳರು ಎಂಬ ಮಾತು ಒಂದೇ. ಯಾವ ವಾಟರ್‌ಮಾರ್ಕೂ ಅದನ್ನು ಹೇಳುತ್ತಿರಲಿಲ್ಲ. ಬಿದ್ರಿಗೂ ಇದೇ ಮಾತು ಹೊಂದುತ್ತದೆ. 2006ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಪಡೆದ ಈ ಕಲೆಯ ಫೋಟೊಗೆ ವಾಟರ್‌ಮಾರ್ಕ್ ಹಾಕಿದರೆ ಫೋಟೊ ಯಾರದು ಎಂದು ತಿಳಿಯಬಹುದು, ಅದರಲ್ಲಿರುವ ಹೂಜಿ ಬೀದರ್‌ನದೇ ಎಂಬ ಖಾತರಿ ಸಿಗುವುದಿಲ್ಲ.

ಆಗಬೇಕಾದದ್ದು ಎರಡು. ಗುರುತು ಓದುವ ಸೌಲಭ್ಯ ಬಹುಪಾಲು ಗುರುತು ಹಾಕಿದ ಕಂಪನಿಗಳ ಹಿಡಿತದಲ್ಲೇ ಇದೆ. ಅದು ಜನ ದಿನವೂ ಬಳಸುವ ಆ್ಯಪ್‌ಗಳ ಒಳಗೇ ಬರಬೇಕು, ಒಂದೇ ಊರಿನಲ್ಲಿ ನಾಲ್ಕು ಭಾಷೆ ಕೇಳಿಬರುವ ಬೀದರ್‌ನಂಥ ಜಿಲ್ಲೆಗೆ ಕನ್ನಡ, ಮರಾಠಿ, ತೆಲುಗು, ಉರ್ದುವಿನಲ್ಲಿ ಬರಬೇಕು. ಇನ್ನೊಂದು ನಮ್ಮ ಕೈಯಲ್ಲೇ ಇದೆ. ಮಗು ಕಳವಿನ ಸಂದೇಶ ಫೋನಿಗೆ ಬಂದರೆ ಫಾರ್ವರ್ಡ್ ಮಾಡಬೇಡಿ, 112ಕ್ಕೆ ಕರೆ ಮಾಡಿ.